ಕೊತ್ತಪಲ್ಲಿಯ ದಾರಿಯಲ್ಲಿ ನಾಯಿಯ ಜೊತೆಗೆ

ತೆಲುಗಿನಲ್ಲಿ ‘ಕೊತ್ತ’ ಎಂದರೆ ಹೊಸದು, ‘ಪಲ್ಲಿ’ ಎಂದರೆ ಹಳ್ಳಿ. ನಮ್ಮ ಮಾತಿನಲ್ಲಿ ಹೇಳುವುದಾದರೆ ಕೊತ್ತಪಲ್ಲಿಯು ಹೊಸಹಳ್ಳಿ. ಹಳೆಯ ಮಹಬೂಬನಗರ ಜಿಲ್ಲೆಯ ಸೀಮೆಯಲ್ಲಿ ಈ ಹೆಸರಿನ ಊರು ಒಂದೇ ಅಲ್ಲ. ಕೃಷ್ಣೆಯ ಉತ್ತರಕ್ಕೆ ನಾರಾಯಣಪೇಟ, ಮಕ್ತಲ್. ದಕ್ಷಿಣಕ್ಕೆ ಕೃಷ್ಣಾ ತುಂಗಭದ್ರೆಗಳ ನಡುವೆ ಗದ್ವಾಲದ ನಡಿಗಡ್ಡ. ಇಲ್ಲಿಯ ಮನೆಗಳಲ್ಲಿ ಕನ್ನಡವೂ ತೆಲುಗೂ ಒಂದೇ ಜಗುಲಿಯ ಮೇಲೆ ಕುಳಿತು ಮಾತನಾಡುತ್ತವೆ. ಆ ಜಗುಲಿಯ ಕೆಳಗೆ ಒಂದು ನಾಯಿ ಮಲಗಿರುತ್ತದೆ.

ಈ ಸೀಮೆ ಊರು ಬಿಟ್ಟು ಹೋಗುವುದನ್ನು ಬಲ್ಲದು. ಕನ್ನಡ ಶಾಲೆ ಮುಗಿಸಿದ ಮಕ್ಕಳು ಮುಂದಿನ ಓದಿಗೆಂದು ರಾಯಚೂರಿನತ್ತ ಹೋಗುತ್ತಾರೆ. ದುಡಿಮೆಗೆಂದು ಹೈದರಾಬಾದ್, ಪುಣೆ, ಮುಂಬೈಗಳಿಗೆ ಕುಟುಂಬಗಳೇ ಹೊರಡುತ್ತವೆ. ಪಾತ್ರೆ, ಹಾಸಿಗೆ, ಜೋಳದ ಚೀಲ ಎಲ್ಲವೂ ವಾಹನವನ್ನು ಏರುತ್ತವೆ. ನಾಯಿ ಮಾತ್ರ ಏರಲೊಲ್ಲದು. ನಡುಗುತ್ತದೆ, ಜೊಲ್ಲು ಸುರಿಸುತ್ತದೆ, ಒಳಗೆ ಕೂರಿಸಿದರೆ ವಾಂತಿ ಮಾಡುತ್ತದೆ. ಕೊನೆಗೆ “ಅದು ಬರಲಿಲ್ಲ, ಬಿಟ್ಟು ಬಂದೆವು” ಎಂಬ ಒಂದು ಮಾತಿನಲ್ಲಿ ಹಲವು ವರ್ಷಗಳ ಒಡನಾಟ ಮುಗಿಯುತ್ತದೆ. ಹಾಗೆ ಮುಗಿಯಲೇಬೇಕೆಂದಿಲ್ಲ.

ಅಂಜಿಕೆಯನ್ನು ಹೇಡಿತನವೆಂದು ತಿಳಿಯಬಾರದು. ಮಂಡ್ಯ ಜಿಲ್ಲೆಯ ಆತಕೂರಿನಲ್ಲಿ ದೊರೆತ, ಸುಮಾರು ಕ್ರಿ.ಶ. 950ರ ಕನ್ನಡ ಶಾಸನವೊಂದು ಕಾಳಿ ಎಂಬ ನಾಯಿಯ ಕಥೆಯನ್ನು ಹೇಳುತ್ತದೆ. ಗಂಗರ ಬೂತುಗನು ಮಣಲೆರನ ಪರಾಕ್ರಮಕ್ಕೆ ಮೆಚ್ಚಿ ಬೇಕಾದುದನ್ನು ಕೇಳೆಂದಾಗ ಆತನು ಬೇಡಿಕೊಂಡದ್ದು ಆ ನಾಯಿಯನ್ನು. ಅದು ಕಾಡುಹಂದಿಯೊಡನೆ ಹೋರಾಡಿ, ಹಂದಿಯನ್ನು ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಂತಿತು. ನಮ್ಮ ಹೊಲಗಳಲ್ಲಿ ಹಂದಿಗೆ ಎದುರಾಗುವ ನಾಯಿಯೂ ಆಟೋದೊಳಗೆ ನಡುಗಬಹುದು. ಹಂದಿ ಅದಕ್ಕೆ ಗೊತ್ತು, ಆಟೋ ಗೊತ್ತಿಲ್ಲ.

ನಾಯಿಯು ಲೋಕವನ್ನು ಮೂಗಿನಿಂದಲೂ ಕಿವಿಯಿಂದಲೂ ಅರಿಯುತ್ತದೆ. ಮನುಷ್ಯನ ಕಿವಿ ಸುಮಾರು 20 ಸಾವಿರ ಹರ್ಟ್ಸ್‌ವರೆಗಿನ ಸದ್ದನ್ನು ಕೇಳಿದರೆ ನಾಯಿಯ ಕಿವಿ 40 ಸಾವಿರಕ್ಕೂ ಮೇಲಿನದನ್ನು ಕೇಳುತ್ತದೆ. ಹಾರ್ನ್, ಡೀಸೆಲ್ ವಾಸನೆ, ಕಾಲಡಿಯ ನೆಲವೇ ಅಲುಗಾಡುವುದು, ಇವೆಲ್ಲ ಒಮ್ಮೆಗೇ ಮೇಲೆ ಬೀಳುತ್ತವೆ. ಮರಿಗಳಲ್ಲಿ ಸಮತೋಲವನ್ನು ಕಾಯುವ ಒಳಕಿವಿ ಪೂರ್ತಿ ಬಲಿತಿರುವುದಿಲ್ಲವಾದ್ದರಿಂದ ಅವುಗಳಿಗೆ ವಾಂತಿ ಹೆಚ್ಚು. ಸೂಜಿ ಹಾಕಿಸುವುದಕ್ಕೆ ಮಾತ್ರವೇ ವಾಹನ ಹತ್ತಿದ ನಾಯಿಗೆ ವಾಹನವೆಂದರೆ ಸೂಜಿಯೇ. ಬಾಲವನ್ನು ಕಾಲ ನಡುವೆ ಸೇರಿಸುವುದು, ಪದೇ ಪದೇ ಆಕಳಿಸುವುದು, ತುಟಿ ನೆಕ್ಕುವುದು, ಸೆಕೆಯಿಲ್ಲದೆಯೂ ತೇಕುವುದು ಅಂಜಿಕೆಯ ಗುರುತುಗಳು. ಆಗ ಗದರಿಸಿದರೆ ಅಂಜಿಕೆಗೆ ಇನ್ನೊಂದು ಕಾರಣ ಕೊಟ್ಟಂತಾಗುತ್ತದೆ.

ಆದ್ದರಿಂದ ಪಯಣವನ್ನು ಹೊರಡುವ ದಿನ ಆರಂಭಿಸದೆ ಎರಡು ಮೂರು ವಾರ ಮೊದಲೇ ಆರಂಭಿಸಬೇಕು. ಈ ಕೆಲಸಕ್ಕೆ ಮನೆಯ ಮಕ್ಕಳೇ ತಕ್ಕವರು, ದೊಡ್ಡವರೊಬ್ಬರು ಜೊತೆಗಿದ್ದರೆ ಸಾಕು. ಮೊದಲು ನಿಂತ ವಾಹನದ ಬಳಿ ಒಯ್ದು ಒಂದು ತುಂಡು ರೊಟ್ಟಿ ಕೊಡಿರಿ. ಕೆಲವು ದಿನಗಳ ಮೇಲೆ ಒಳಗೆ ಕೂರಿಸಿರಿ; ಆಮೇಲೆ ಎಂಜಿನ್ ಚಾಲೂ ಮಾಡಿ ಅಲ್ಲಿಯೇ ಕುಳಿತಿರಿ; ಆಮೇಲೆ ಊರ ಅಗಸಿಯವರೆಗೆ ಹೋಗಿ ಬನ್ನಿರಿ. ಒಂದು ಹೆಜ್ಜೆಯಲ್ಲಿ ನಾಯಿ ನಡುಗಿದರೆ ಹಿಂದಿನ ಹೆಜ್ಜೆಗೆ ಮರಳಬೇಕು. ಅದು ನಿತ್ಯ ಮಲಗುವ ಗೋಣಿಚೀಲವನ್ನು ಒಗೆಯದೆ ವಾಹನದಲ್ಲಿ ಹಾಸಬೇಕು. ಹೊಸ ಜಾಗದಲ್ಲಿ ಹಳೆಯ ವಾಸನೆಯೇ ಅದಕ್ಕೆ ಧೈರ್ಯ.

ಹೊರಡುವ ಮೂರು ನಾಲ್ಕು ಗಂಟೆ ಮೊದಲು ಊಟ ಮುಗಿದಿರಲಿ. ನೀರನ್ನು ಮಾತ್ರ ತಡೆಯಬಾರದು. ಸ್ವಲ್ಪ ದೂರ ನಡೆಸಿ, ಮೂತ್ರ ಮಾಡಿಸಿ ಹತ್ತಿಸಿರಿ. ಹಗ್ಗವನ್ನು ಕುತ್ತಿಗೆಗೆ ಬಿಗಿದು ಕಂಬಿಗೆ ಕಟ್ಟಿದರೆ ಬ್ರೇಕ್ ಹಾಕಿದಾಗ ಉರುಲಾಗುತ್ತದೆ. ಎದೆಗೆ ಸುತ್ತುವ ಪಟ್ಟಿ ಮೇಲು. ಬಾಯಿಗೆ ಹಗ್ಗ ಕಟ್ಟುವುದಂತೂ ಕೂಡದು. ನಾಯಿಯು ಮೈಯ ಬಿಸಿಯನ್ನು ಮುಖ್ಯವಾಗಿ ತೇಕುವುದರಿಂದಲೇ ಹೊರಹಾಕುತ್ತದೆ.

ಬೇಸಿಗೆಯಲ್ಲಿ ಇಲ್ಲಿಯ ಬಿಸಿಲು 40 ಡಿಗ್ರಿ ದಾಟುವುದರಿಂದ ನಸುಕಿನಲ್ಲಿಯೇ ಹೊರಡುವುದು ಲೇಸು. ಮಕ್ತಲ್‌ನಿಂದ ಮಾಗನೂರಿನ ಮೇಲೆ ಕೃಷ್ಣೆಯನ್ನು ದಾಟಿ ಶಕ್ತಿನಗರ, ರಾಯಚೂರು ಸೇರುವ ದಾರಿಯಲ್ಲಿ ಲಾರಿಗಳ ಓಡಾಟ ಬಹಳ. ರಸ್ತೆಯಿಂದ ಒಳಗೆ ಸರಿದು, ಬೇವಿನ ಮರದ ನೆರಳಿನಲ್ಲಿ ನಿಲ್ಲಿಸಿ, ಹಗ್ಗವನ್ನು ಹಿಡಿದ ಮೇಲೆಯೇ ಬಾಗಿಲು ತೆರೆಯಬೇಕು. ಗದ್ವಾಲದ ಕಡೆಗೆ ಜುರಾಲ ಅಣೆಕಟ್ಟಿನ ಮೇಲೆ ಹೋಗುವವರು ಗೇಟುಗಳಿಂದ ನೀರು ಭೋರ್ಗರೆಯುವಾಗ ಅಲ್ಲಿ ನಿಲ್ಲದೆ ಮುಂದೆ ಸಾಗುವುದು ಒಳ್ಳೆಯದು. ನಮಗೆ ನೋಟವಾದದ್ದು ನಾಯಿಗೆ ಗುಡುಗು. ಚಹಾಕ್ಕೆಂದು ಇಳಿದಾಗ ಮುಚ್ಚಿದ ಕಾರಿನಲ್ಲಿ ಅದನ್ನು ಬಿಡಬೇಡಿರಿ. ಬಿಸಿಲಿನಲ್ಲಿ ನಿಂತ ಕಾರಿನ ಒಳಗಿನ ಕಾವು 10 ನಿಮಿಷಗಳಲ್ಲಿಯೇ ಸುಮಾರು 10 ಡಿಗ್ರಿ ಏರುತ್ತದೆ.

ಗದ್ವಾಲ–ರಾಯಚೂರು ರೈಲುದಾರಿ 2013ರಲ್ಲಿ ತೆರೆಯಿತು. ಆದರೆ ಸಾಮಾನ್ಯ ಮತ್ತು ಸ್ಲೀಪರ್ ಬೋಗಿಗಳಲ್ಲಿ ದೊಡ್ಡ ನಾಯಿಯನ್ನು ಕೂರಿಸಿಕೊಳ್ಳಲು ರೈಲ್ವೆ ನಿಯಮ ಒಪ್ಪುವುದಿಲ್ಲ. ಎಸಿ ಮೊದಲ ದರ್ಜೆಯ ಇಡೀ ಕೂಪೆಯನ್ನು ಕಾದಿರಿಸಬೇಕು, ಇಲ್ಲವೇ ಗಾರ್ಡ್ ಬೋಗಿಯ ಪೆಟ್ಟಿಗೆಯಲ್ಲಿ ಕಳುಹಿಸಬೇಕು. ಕತ್ತಲ ಪೆಟ್ಟಿಗೆಯಲ್ಲಿ ಒಂಟಿಯಾಗಿರುವುದು ಅಂಜುವ ನಾಯಿಗೆ ಕಠಿಣ. ಹತ್ತಿರದ ಊರಿಗಾದರೆ ನಾಲ್ಕು ಮನೆಯವರು ಸೇರಿ ವಾಹನ ಮಾಡಿಕೊಳ್ಳುವುದೇ ಲೇಸು.

ಇಷ್ಟಾದರೂ ಅಂಜಿಕೆ ಇಳಿಯದಿದ್ದರೆ ಪಶುವೈದ್ಯರನ್ನು ಕಾಣಬೇಕು. ವಾಂತಿಗೂ ಅಂಜಿಕೆಗೂ ಬೇರೆ ಬೇರೆ ಔಷಧಗಳಿದ್ದು, ನಾಯಿಯ ತೂಕ ನೋಡಿ ಅವರೇ ಕೊಡಬೇಕು. ಮನೆಯಲ್ಲಿರುವ ಮನುಷ್ಯರ ಗುಳಿಗೆಗಳನ್ನು ಕೊಡಬಾರದು. ಪ್ಯಾರಾಸಿಟಮಾಲ್ ನಾಯಿಗೆ ವಿಷವಾಗಬಲ್ಲದು. ಹೊರಡುವ ಮೊದಲೇ ಹುಚ್ಚುನಾಯಿ ರೋಗದ ಲಸಿಕೆ ಹಾಕಿಸಿ, ಆ ಚೀಟಿಯನ್ನು ಜೊತೆಗಿಟ್ಟುಕೊಳ್ಳಿರಿ. ದಾರಿಯಲ್ಲಿ ಯಾರಿಗಾದರೂ ಕಚ್ಚಿದರೆ ಗಾಯವನ್ನು ಸಾಬೂನು ನೀರಿನಿಂದ 15 ನಿಮಿಷ ತೊಳೆದು ತಡಮಾಡದೆ ಆಸ್ಪತ್ರೆಗೆ ಹೋಗಬೇಕು.

ಹೋಗಿ ಸೇರಿದ ಮೇಲೆ ಅದೇ ಗೋಣಿಚೀಲವನ್ನು ಹೊಸ ಮನೆಯ ಒಂದು ಮೂಲೆಯಲ್ಲಿ ಹಾಸಿ, ಅದೇ ತಟ್ಟೆಯಲ್ಲಿ ಅದೇ ಹೊತ್ತಿಗೆ ಅನ್ನವಿಡಿರಿ. ಕೆಲವು ದಿನ ಹಗ್ಗವಿಲ್ಲದೆ ಹೊರಗೆ ಬಿಡಬೇಡಿರಿ. ಹಳೆಯ ಊರನ್ನು ಹುಡುಕಿಕೊಂಡು ಅದು ಹೆದ್ದಾರಿಗೆ ಇಳಿದೀತು. ಹೊಸ ಊರಿನಲ್ಲಿ ಮನೆಯ ಮಾತು ಕಿವಿಗೆ ಬಿದ್ದರೆ ಎಷ್ಟು ಹಾಯೆನಿಸುತ್ತದೆಂದು ಗಡಿಯ ಮಕ್ಕಳಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಾಯಿಯೊಡನೆಯೂ ಮನೆಯ ಮಾತಿನಲ್ಲಿಯೇ ಮಾತನಾಡಿರಿ, ಅದರ ಹೆಸರು ಹಿಡಿದು, ಮೆಲ್ಲನೆ.