ದುಡಿಯಲು ಬಂದ ಊರಿನಲ್ಲಿ ರಜೆ

ನಮ್ಮಂಥ ಮುಂಬಯಿ ಕನ್ನಡಿಗರ ಮನೆಗಳಲ್ಲಿ ರಜೆ ಎಂದರೆ ಊರು, ಅಷ್ಟೇ. ಪರೀಕ್ಷೆ ಮುಗಿಯುವ ಮೊದಲೇ ಟಿಕೆಟಿನ ಚಿಂತೆ. 1998ರಲ್ಲಿ ಕೊಂಕಣ ರೈಲು ಪೂರ್ತಿ ಓಡತೊಡಗುವ ತನಕ ಘಟ್ಟ ಸುತ್ತಿ ಹೋಗುವ ಬಸ್ಸು, ಆಮೇಲೆ ಮತ್ಸ್ಯಗಂಧ ರೈಲು. ಜೂನಿನ ಮಳೆಯ ಹೊತ್ತಿಗೆ ವಾಪಸು ಬಂದರೆ ಮುಂದಿನ ಬೇಸಿಗೆಯ ತನಕ ಈ ನಗರದಲ್ಲಿ ದುಡಿಯುವುದು, ಕಲಿಯುವುದು, ಉಳಿಸುವುದು. ಇಲ್ಲಿ ನಲಿಯುವುದು ಯಾರ ಲೆಕ್ಕದಲ್ಲೂ ಇರಲಿಲ್ಲ.

ಅಪ್ಪ ಹುಡುಗನಾಗಿದ್ದಾಗಲೇ ಮಲ್ಪೆಯ ಕಡೆಯಿಂದ ಬಂದು ಕೋಟೆ ಭಾಗದ ಹೋಟೆಲಿನಲ್ಲಿ ಗ್ಲಾಸು ತೊಳೆದವರು. ಕನ್ನಡ ರಾತ್ರಿಶಾಲೆಯಲ್ಲಿ ಓದಿ ಮೆಟ್ರಿಕ್ ಮುಗಿಸಿ ಗುಮಾಸ್ತರಾದವರು. ಕೆಲಸದ ಜಾಗ, ಲೋಕಲ್ ರೈಲು, ಮನಿಯಾರ್ಡರ್ ಕಳಿಸುವ ಪೋಸ್ಟ್ ಆಫೀಸು, ವಾರಕ್ಕೊಮ್ಮೆ ಭಜನೆ, ಇಷ್ಟೇ ಅವರ ಮುಂಬಯಿ. ಬೋರಿವಲಿಯಲ್ಲಿ ಮನೆ ಮಾಡಿದ ಮೇಲೂ, ಸ್ಟೇಷನ್ನಿನ ಪೂರ್ವಕ್ಕೆ ಸ್ವಲ್ಪ ನಡೆದರೆ ಸಿಗುವ ಕಾಡಿನ ಒಳಗೆ ಅವರು ಕಾಲಿಟ್ಟದ್ದು ನಾನು ನೋಡಿಲ್ಲ. "ಕಾಡು ನೋಡಲಿಕ್ಕೆ ಮುಂಬಯಿಗೆ ಬರಬೇಕಾ ಮಗಾ?" ಎನ್ನುತ್ತಿದ್ದರು. ಆ ಮಾತಿನಲ್ಲಿ ತಾತ್ಸಾರವಿರಲಿಲ್ಲ, ಒಂದು ವ್ರತವಿತ್ತು. ದುಡ್ಡನ್ನು ಊರಿಗೆಂದು ಕಟ್ಟಿಟ್ಟ ಹಾಗೆ ಸಂತೋಷವನ್ನೂ ಊರಿಗೆಂದು ಕಟ್ಟಿಟ್ಟರು.

ನಾನು ಇಲ್ಲೇ ಹುಟ್ಟಿದವಳು. ಆದರೂ ಯಾರಾದರೂ "ನಿಮ್ಮ ಊರು?" ಎಂದು ಕೇಳಿದರೆ ಬಾಯಿಗೆ ಬರುವುದು ಅಪ್ಪನ ಊರಿನ ಹೆಸರೇ. ಇದರಲ್ಲಿ ಸುಳ್ಳೇನೂ ಇಲ್ಲ. ಆದರೆ ಆ ವ್ರತವನ್ನು ಯಾರೂ ಹೇಳಿಕೊಡದೆ ನಾನೂ ಹಿಡಿದಿದ್ದೇನೆ ಎಂಬುದು ಕಣ್ಣಿಗೆ ಬಿದ್ದದ್ದು 2024ರ ಡಿಸೆಂಬರ್ ರಜೆಯಲ್ಲಿ. ಅಮ್ಮನ ಮಂಡಿನೋವು ಹೆಚ್ಚಾಗಿ ರೈಲು ಹತ್ತುವುದು ಬೇಡ ಎಂದಾಯಿತು. ಮಗಳಿಗೆ ಹನ್ನೆರಡು ವರ್ಷ. ಗೆಳತಿಯೊಬ್ಬಳು ಅಂಡಮಾನಿನಲ್ಲಿ ಮಳೆಕಾಡು, ಹವಳದ ದಂಡೆ ನೋಡಿ ಬಂದದ್ದೇ ಅವಳ ಮಾತು. ನನ್ನವರು, "ಕಾಡೂ ಹವಳವೂ ಇಲ್ಲೇ ಇದೆಯಲ್ಲ, ಇಲ್ಲೇ ಸುತ್ತೋಣ" ಎಂದರು. ನಾನು ಸರಿ ಎಂದೆ. ಒಳಗೆ ಮಾತ್ರ, ಮೈಗಳ್ಳತನ ಮಾಡಿ ಸಿಕ್ಕಿಬಿದ್ದವಳ ಹಾಗೆ ಒಂದು ಸಂಕೋಚ.

ಮೊದಲು ಹೊರಟದ್ದು ಅಪ್ಪ ಕಾಲಿಡದ ಆ ಬೋರಿವಲಿಯ ಕಾಡಿಗೇ. ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ಸುಮಾರು 104 ಚದರ ಕಿಲೋಮೀಟರ್ ಕಾಡು. ಆಗುಂಬೆಯಂಥ ನಿತ್ಯಹರಿದ್ವರ್ಣದ ಮಳೆಕಾಡಲ್ಲ. ಸಾಗುವಾನಿ, ಮುತ್ತುಗ, ಬೂರುಗದಂಥ ಎಲೆ ಉದುರಿಸುವ ಮರಗಳೇ ಹೆಚ್ಚು. ಆದರೆ ಮಳೆ ಕಡಿಮೆಯಲ್ಲ. ಆ ಮಳೆಯನ್ನು ಹಿಡಿದಿಡಲು 1860ರಲ್ಲಿ ವಿಹಾರ್, 1879ರಲ್ಲಿ ತುಳಸಿ ಕೆರೆ ಕಟ್ಟಿದರು. ಇವತ್ತಿಗೂ ಅವು ನಗರಕ್ಕೆ ನೀರು ಕೊಡುತ್ತವೆ. ಕಾಡಿನೊಳಗೆ ವಾರ್ಲಿ ಆದಿವಾಸಿಗಳ ಪಾಡಾಗಳಿವೆ, ಅಂದರೆ ಹಾಡಿಗಳು. ಚಿರತೆಯನ್ನು ವಾಘೋಬನೆಂದು ಪೂಜಿಸಿ, ಅದರ ನೆರೆಯಲ್ಲೇ ಬಾಳುತ್ತ ಬಂದವರು. ಕಾನ್ಹೇರಿ ಗುಹೆಗಳ ದಾರಿಯಲ್ಲಿ ಅವರ ಹೆಂಗಸರು ಪೇರಳೆ, ನೆಲ್ಲಿಕಾಯಿಗೆ ಉಪ್ಪುಖಾರ ಹಚ್ಚಿ ಮಾರುತ್ತ ಕೂತಿದ್ದರು. ಅವರಿಂದ ಪೇರಳೆ ಕೊಳ್ಳುವಾಗ ನನಗನ್ನಿಸಿತು: ಇಲ್ಲಿ 'ನನ್ನ ಊರು ಬೇರೆ' ಎಂದು ಹೇಳುವ ಸೌಕರ್ಯ ನನಗಿದೆ, ಇವರಿಗಿಲ್ಲ. 1997ರಲ್ಲಿ ಹೈಕೋರ್ಟು ಉದ್ಯಾನದೊಳಗಿನ ಮನೆಗಳನ್ನು ತೆರವು ಮಾಡಿ ಎಂದಾಗ ಆತಂಕ ಈ ಪಾಡಾಗಳ ಬಾಗಿಲಿಗೂ ಬಂತು. ನಾನಾಗ ಪಶ್ಚಿಮ ಬೋರಿವಲಿಯಿಂದ ದಿನವೂ ರೈಲು ಹತ್ತುತ್ತಿದ್ದೆ. ಹಳಿಯ ಆಚೆ ನಡೆಯುವುದೆಲ್ಲ ನನಗೆ ಪತ್ರಿಕೆಯ ಸುದ್ದಿ ಮಾತ್ರವಾಗಿತ್ತು.

ಕಾನ್ಹೇರಿಯಲ್ಲಿ ನೂರಕ್ಕೂ ಹೆಚ್ಚು ಗುಹೆಗಳು. ಸಾವಿರ ವರ್ಷ ಬೌದ್ಧ ಭಿಕ್ಷುಗಳು ಬಾಳಿದ ಕಪ್ಪು ಬಸಾಲ್ಟಿನ ಬೆಟ್ಟ. ಅಮ್ಮನನ್ನು ಕೆಳಗಿನ ದೊಡ್ಡ ಚೈತ್ಯದ ಜಗಲಿಯಲ್ಲಿ ಕೂರಿಸಿ ನಾವು ಮೇಲೆ ಹತ್ತಿದೆವು. ಗುಹೆಗಳ ಪಕ್ಕದಲ್ಲಿ ಕಲ್ಲು ಕೊರೆದು ಮಾಡಿದ ನೀರಿನ ತೊಟ್ಟಿಗಳು. ಇಳಿಜಾರಿನ ಬಂಡೆಯ ಮೇಲೆ ಬೆರಳಗಲದ ಕಾಲುವೆಗಳು, ಮಳೆನೀರನ್ನು ತೊಟ್ಟಿಗೆ ಕರೆತರಲು. ಮಗಳು ಬಗ್ಗಿ ಒಂದು ಕಾಲುವೆಯ ಗುಂಟ ಬೆರಳಾಡಿಸುತ್ತ ಹೋದಳು. ಅದು ಬಂಡೆಯ ಉಬ್ಬನ್ನು ಬಳಸಿ, ಒಂದೆಡೆ ಕವಲೊಡೆದು, ತೊಟ್ಟಿಯ ಬಾಯಿಯಲ್ಲಿ ಮುಗಿಯಿತು. ಡಿಸೆಂಬರಿನಲ್ಲೂ ಒಳಗೆ ನೀರಿತ್ತು.

ನಾನು ಅಷ್ಟರಲ್ಲಿ ಬೇರೇನನ್ನೋ ಹುಡುಕುತ್ತಿದ್ದೆ. ಇಲ್ಲಿನ ಒಂಬತ್ತನೆಯ ಶತಮಾನದ ಮೂರು ಶಾಸನಗಳಲ್ಲಿ ರಾಷ್ಟ್ರಕೂಟ ಅಮೋಘವರ್ಷನ ಹೆಸರಿದೆ. ಅವನ ಸಾಮಂತರಾದ ಶಿಲಾಹಾರರು ಆಗ ಕೊಂಕಣವನ್ನು ಆಳುತ್ತಿದ್ದರು. ಮೊದಲನೆಯ ಶಾಸನ ಕ್ರಿ.ಶ. 843ರದ್ದು. ಕವಿರಾಜಮಾರ್ಗದ ಜೊತೆ ನಾವು ನೆನೆಯುವ ನೃಪತುಂಗನೇ ಈ ಅಮೋಘವರ್ಷ. ಇದನ್ನು ಮಗಳಿಗೆ ಹೇಳುವಾಗ ನನ್ನ ದನಿ ಏರಿತ್ತು, ಎದೆ ತುಂಬಿ ಬಂದಿತ್ತು. ಅದು ಬರಿಯ ಹೆಮ್ಮೆಯಾಗಿರಲಿಲ್ಲ. ಇಲ್ಲಿ ನಿಂತು ಸಂತೋಷಪಡಲು ನನಗೊಂದು ಅಪ್ಪಣೆಚೀಟಿ ಸಿಕ್ಕಿತ್ತು. ನಮ್ಮವರು ಮೊದಲೇ ಇಲ್ಲಿದ್ದರು, ಹಾಗಾಗಿ ನಾನೂ ಇರಬಹುದು ಎಂಬ ಸಮಾಧಾನ. ಕಾಡನ್ನು ಕಾಡಾಗಿ, ಬಂಡೆಯನ್ನು ಬಂಡೆಯಾಗಿ ಪ್ರೀತಿಸಲು ನನಗೆ ರಾಜನ ಸಾಕ್ಷಿ ಯಾಕೆ ಬೇಕಾಯಿತು?

ಇಲ್ಲಿಯ ಇನ್ನೊಂದು ಗುಹೆಯಲ್ಲಿ ಪಹ್ಲವಿ ಲಿಪಿಯ ಬರಹಗಳಿವೆ. 1009ರಲ್ಲಿ, ಮತ್ತೆ 1021ರಲ್ಲಿ ಬಂದ ಪಾರ್ಸಿಗಳು ತಮ್ಮ ಹೆಸರು, ತಂದೆಯ ಹೆಸರು, ಬಂದ ದಿನ ಎಲ್ಲವನ್ನೂ ಕೆತ್ತಿ ಹೋಗಿದ್ದಾರೆ. ಇರಾನಿನ ಮೂಲವನ್ನು ಹೊತ್ತು ಈ ಕರಾವಳಿಗೆ ಬಂದ ಜನ, ಒಟ್ಟಾಗಿ ಈ ಬೆಟ್ಟ ನೋಡಲು ಹತ್ತಿದರು. ಅವರ ಮೇಲೆ ನನಗೆ ಬಹಳ ಪ್ರೀತಿ ಬಂತು.

ಇಳಿದು ಬರುವಾಗ ಮಗಳು ಅಜ್ಜಿಗೆ ಹೇಳಿದಳು: "ಅಜ್ಜೀ, ಆಗುಂಬೆ ಅಮ್ಮನ ಕಾಡು. ಇದು ನನ್ನ ಕಾಡು." ಎಲ್ಲರೂ ನಕ್ಕರು. ನನಗೆ ಚುಚ್ಚಿತು. ಆ ರಾತ್ರಿ ಬಹಳ ಹೊತ್ತು ನಿದ್ದೆ ಬರಲಿಲ್ಲ. ಅವಳು ಊರಿನಿಂದ ದೂರವಾಗುತ್ತಿದ್ದಾಳೆ ಎಂಬ ನೋವು ಎಂದು ಮೊದಲು ಅಂದುಕೊಂಡೆ. ಕೆದಕಿದಷ್ಟೂ ಅದಲ್ಲ ಅನ್ನಿಸಿತು. ಅವಳಿಗೆ ಯಾವ ಸಾಕ್ಷಿಯೂ ಬೇಕಾಗಲಿಲ್ಲ. ನೋಡಿದಳು, ನನ್ನದು ಎಂದಳು. ನಲವತ್ತೆಂಟು ವರ್ಷ ಈ ಕಾಡಿನ ಗಾಳಿ ಕುಡಿದ ನನಗೆ ಬಾಯಿಬಿಡಲಾಗದ ಮಾತನ್ನು ಅವಳು ಒಂದು ಬೆಳಗಿನಲ್ಲಿ ಆಡಿದಳು. ಅದು ಹೊಟ್ಟೆಕಿಚ್ಚು. ಹೆತ್ತ ಮಗಳ ಮೇಲೆ ಹೊಟ್ಟೆಕಿಚ್ಚು ಎಂದು ಬರೆಯಲು ಕೈ ನಡುಗುತ್ತದೆ, ಆದರೆ ಬೇರೆ ಹೆಸರು ಅದಕ್ಕಿಲ್ಲ.

ಕಡಲಿಗೆ ಹೋದದ್ದು ಅಮಾವಾಸ್ಯೆಯ ಸಂಜೆ. ದಿನ ಗೊತ್ತುಮಾಡಿದವಳು ಅಮ್ಮ. ಮೊಗವೀರರ ಮನೆಯ ಮಗಳಿಗೆ ಭರತ ಇಳಿತದ ಲೆಕ್ಕಕ್ಕೆ ಪಂಚಾಂಗ ಸಾಕು. ಹಾಜಿ ಅಲಿ ದರ್ಗಾದ ದಾರಿಯಲ್ಲಿ ಅವಳು ಕೂತಳು, ನಾವು ಬಂಡೆಗಳ ಮೇಲೆ ಇಳಿದೆವು. ನೀರು ಹಿಂದೆ ಸರಿಯಿತು, ಇನ್ನೂ ಸರಿಯಿತು. ಅಮ್ಮ ಎದ್ದು ನಿಂತೇ ಬಿಟ್ಟಳು. "ಮಲ್ಪೆಯಲ್ಲಿ ಕಡಲು ಇಷ್ಟು ಹಿಂದೆ ಹೋಗುವುದಿಲ್ಲ. ಇಲ್ಲಿಯದರ ಉಸಿರೇ ದೊಡ್ಡದು" ಎಂದಳು. ನಿಜ. ನಮ್ಮ ಕರಾವಳಿಯಲ್ಲಿ ಭರತ ಇಳಿತದ ಅಂತರ ಎರಡು ಮೀಟರಿನ ಒಳಗೆ. ಇಲ್ಲಿ ಅಮಾವಾಸ್ಯೆ ಹುಣ್ಣಿಮೆಗೆ ನಾಲ್ಕೈದು ಮೀಟರು. ಬಡಗಿಗೆ ಹೋದಂತೆ ಕಡಲತಳದ ಆಳವಿಲ್ಲದ ಹಾಸು ಅಗಲವಾಗುತ್ತದೆ, ಖಂಭಾತ್ ಕೊಲ್ಲಿಯ ಕಡೆಗೆ ಕರಾವಳಿ ಕಿರಿದಾಗಿ ನೀರನ್ನು ಒತ್ತಿ ಎತ್ತುತ್ತದೆ. ಅದಕ್ಕೇ ಇಲ್ಲಿಯ ಬಂಡೆಗಳು ದಿನಕ್ಕೆರಡು ಸಲ ಇಷ್ಟಗಲ ತೆರೆದುಕೊಳ್ಳುತ್ತವೆ.

ತೆರೆದ ಬಂಡೆಯ ಗುಳಿಗಳಲ್ಲಿ ನಿಂತ ನೀರು. ಅಲ್ಲಿ ಸನ್ಯಾಸಿ ಏಡಿ ಶಂಖ ಹೊತ್ತು ಓಡುತ್ತಿತ್ತು. ಬದಿಯಲ್ಲಿ ಅಂಗೈಯಗಲದ ಹವಳ, ಕಂದು ಹಪ್ಪಳವೊಂದು ಕಲ್ಲಿಗೆ ಅಂಟಿದಂತೆ. ಮುಖ ಹತ್ತಿರ ತಂದಾಗ ಮೈತುಂಬ ನಕ್ಷತ್ರದ ಗುಳಿಗಳು ಕಂಡವು, ಅಂಚಿಗೆ ಬಿಳಿಯ ಗೆರೆ. ಒಂದೊಂದು ಗುಳಿಯೂ ಒಂದೊಂದು ಜೀವ. ಅಂಡಮಾನಿನ ದಿಬ್ಬಗಳ ಮುಂದೆ ಇದು ಚೂರು. ಆದರೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಹುಲಿಯ ಜೊತೆ ಹವಳಕ್ಕೂ ಜಾಗವಿದೆ. ಕೋಸ್ಟಲ್ ರೋಡಿಗಾಗಿ ಸಮುದ್ರ ತುಂಬುವಾಗ, 2020ರಲ್ಲಿ ವರ್ಲಿ ಮತ್ತು ಹಾಜಿ ಅಲಿಯ 18 ಹವಳ ಸಮೂಹಗಳನ್ನು ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯವರು ಎಬ್ಬಿಸಿ ಬೇರೆಡೆಗೆ ಸಾಗಿಸಿ ಅಂಟಿಸಿದರು. 2017ರಿಂದ 'ಮರೀನ್ ಲೈಫ್ ಆಫ್ ಮುಂಬೈ' ತಂಡ ಜನರನ್ನು ಇಂಥ ದಂಡೆಗಳಿಗೆ ಕರೆತಂದು ತೋರಿಸದೇ ಇದ್ದಿದ್ದರೆ ನನ್ನಂಥವರಿಗೆ ಇಲ್ಲಿ ಹವಳವಿದೆ ಎಂಬುದೇ ತಿಳಿಯುತ್ತಿರಲಿಲ್ಲ. 2024ರ ಮಾರ್ಚಿನಲ್ಲಿ ತೆರೆದ ಆ ರಸ್ತೆಯಲ್ಲಿ ನಾನೂ ಹೋಗಿದ್ದೇನೆ, ಬೇಗ ತಲಪಿದೆ ಎಂದು ಖುಷಿಪಟ್ಟಿದ್ದೇನೆ. ಈಗ ಆ ಖುಷಿಯ ಪಕ್ಕದಲ್ಲಿ ಈ ನಕ್ಷತ್ರದ ಗುಳಿಗಳೂ ಇವೆ; ಒಂದು ಇನ್ನೊಂದನ್ನು ಅಳಿಸುತ್ತಿಲ್ಲ.

ಆಚೆ ಕೋಳಿ ಮೀನುಗಾರರ ಹೆಂಗಸೊಬ್ಬಳು ಮೊನೆಯ ಕಬ್ಬಿಣದಿಂದ ಬಂಡೆಗಂಟಿದ ಕಲ್ವದ ಚಿಪ್ಪು ಕೀಳುತ್ತಿದ್ದಳು. ಅಮ್ಮ ತನ್ನ ಅರೆಬರೆ ಮರಾಠಿಯಲ್ಲಿ ಅವಳನ್ನು ಕರೆದು ಮಾತಿಗೆಳೆದಳು. ಕತ್ತಲಾಗುವವರೆಗೂ ಇಬ್ಬರೂ ಕಲ್ವದ ರೇಟು, ಸಾರು, ಮಂಡಿನೋವಿನ ಎಣ್ಣೆ ಮಾತಾಡಿದರು. ಆ ಸಂಜೆ ನನ್ನ ಬಾಯಿಂದ 'ನಮ್ಮೂರಿನ ಹಾಗೆ' ಎಂಬ ಮಾತು ಒಮ್ಮೆಯೂ ಹೊರಡಲಿಲ್ಲ. ಹೋಲಿಸಲು ಇಲ್ಲಿ ಏನೂ ಸಿಕ್ಕಿರಲಿಲ್ಲ.

ವಸಾಯಿಗೆ ಹೋದದ್ದು ರಜೆಯ ಕೊನೆಗೆ. ಖಾರಿ ದಾಟುವಾಗ ಲೋಕಲಿನ ಬಾಗಿಲಲ್ಲಿ ಉಪ್ಪುಗಾಳಿ. 1739ರಲ್ಲಿ ಚಿಮಾಜಿ ಅಪ್ಪಾ ಪೋರ್ಚುಗೀಸರಿಂದ ಗೆದ್ದ ಕೋಟೆ, ಸೂರಿಲ್ಲದ ಇಗರ್ಜಿಗಳು, ಬಾವಿ, ಬಾಳೆತೋಟ. ಪೇಟೆಯಲ್ಲಿ ಸುಕೇಳಿ, ಅಂದರೆ ಒಣಗಿಸಿದ ಬಾಳೆಹಣ್ಣು, ಸಿಕ್ಕಿತು. ಕೋಟೆಗಿಂತ ಅದೇ ಅಮ್ಮನಿಗೆ ಹಿಡಿಸಿತು.

ಈ ರಜೆಯನ್ನು ನೆನೆದಾಗ ಮತ್ತೆ ಮತ್ತೆ ಮನಸ್ಸಿಗೆ ಬರುವುದು ಕಾನ್ಹೇರಿಯದೇ ಒಂದು ನೋಟ: ಅಲ್ಲಿಯ ಇಳಿಜಾರಿನಲ್ಲಿ ಕಾರ್ವಿಯ ಗಿಡಗಳು ಒಣಗಿ ನಿಂತಿದ್ದವು. ನಮ್ಮ ಮಲೆನಾಡಿನ ಗುರಿಗೆಯ ಬಳಗ. ವಾರ್ಲಿಗಳು ಇದರ ಕಡ್ಡಿ ಹೆಣೆದು ಮಣ್ಣು ಮೆತ್ತಿ ಗೋಡೆ ಕಟ್ಟುತ್ತಾರೆ. ಎಂಟು ವರ್ಷಕ್ಕೊಮ್ಮೆ ಗುಡ್ಡವೆಲ್ಲ ನೇರಳೆ. 2016ರಲ್ಲಿ ಅರಳಿತ್ತು, 2024ರ ಮಳೆಗಾಲದ ಕೊನೆಗೆ ಮತ್ತೆ ಅರಳಿ ನಾವು ಹೋಗುವಷ್ಟರಲ್ಲಿ ಮುಗಿದಿತ್ತು. ಮುಂದಿನದು 2032ರಲ್ಲಿ. ನನ್ನವರ ನಿವೃತ್ತಿ 2031ಕ್ಕೆ; ಆಮೇಲೆ ಊರಿಗೆ ಹೋಗಿ ಮನೆ ಕಟ್ಟುವುದೆಂದು ಮದುವೆಯಾದಾಗಿನಿಂದ ನಮ್ಮ ಮಾತು, ಜಾಗವೂ ಕೊಂಡಾಗಿದೆ. ಮಗಳು ಕಾರ್ವಿ ನೋಡಲು ಎಲ್ಲರೂ ಒಟ್ಟಿಗೆ ಬರೋಣ ಎನ್ನುತ್ತಾಳೆ. ಊರಿಂದ ರೈಲು ಹತ್ತಿ ಬರೋಣ ಎಂದು ನನ್ನವರು. ನನಗೆ ಅತಿಥಿಯಾಗಿ ಬರಲು ಮನಸ್ಸಿಲ್ಲ ಎಂದು ಅವರಿಬ್ಬರಿಗೂ ಇನ್ನೂ ಹೇಳಿಲ್ಲ.