ಮುಚ್ಚಲಾಗದ ಖಾತೆ

ಮೂವತ್ತೈದು ವರ್ಷ ಬ್ಯಾಂಕಿನಲ್ಲಿ ಕೂತವನಿಗೆ ಒಂದು ಚಾಳಿ ಅಂಟಿಕೊಂಡುಬಿಡುತ್ತೆ. ಎದುರು ಬಂದವರ ಮುಖ ನೋಡುವ ಮೊದಲು ಅವರ ಕೈಯಲ್ಲಿರುವ ಕಾಗದ ನೋಡ್ತಾನೆ. ನಾನೂ ಅಂಥವನೇ.

1989ರಲ್ಲಿ ವರ್ಗವಾಗಿ ಮದರಾಸಿಗೆ ಬಂದೆ. ಎರಡು ವರ್ಷದಲ್ಲಿ ಅರಕಲಗೂಡಿಗೆ ಹತ್ತಿರವಾಗಿ ಎಲ್ಲಾದರೂ ವಾಪಸು ಹೋಗೋದು ಅಂದುಕೊಂಡವನು ಇಲ್ಲೇ ನೆಲೆಯೂರಿದೆ. 1991ರ ಡಿಸೆಂಬರಿನಲ್ಲಿ ಕಾವೇರಿ ಹೆಸರಿನಲ್ಲಿ ಬೆಂಗಳೂರಿನಲ್ಲಿ ತಮಿಳರ ಮೇಲೆ ಹಲ್ಲೆಗಳಾದಾಗ, ಇಲ್ಲಿ ನಾನು, ನನ್ನ ಹೆಂಡತಿ ಬಸ್ಸಿನಲ್ಲಿ ಕನ್ನಡ ಆಡಲಿಲ್ಲ. ಕೆಲವು ವಾರದ ಭಯ ಅದು, ಅಷ್ಟೆ. ಆಮೇಲೆ ಮರೆತೂ ಹೋಯಿತು. ಭಯವೇ ಬದುಕಾದವರು ಹೇಗಿರುತ್ತಾರೆ ಅನ್ನುವುದು ಗೊತ್ತಾಗಿದ್ದು 2012ರಲ್ಲಿ.

ಆಗ ನಮ್ಮ ಶಾಖೆ ಇದ್ದದ್ದು ವಳಸರವಾಕ್ಕಂ ಕಡೆ. ಅಲ್ಲಿ ಸಿಲೋನಿನಿಂದ ಬಂದ ತಮಿಳರ ಮನೆಗಳು ಬಹಳ. ಒಂದು ಬೆಳಿಗ್ಗೆ ಅರವತ್ತು ದಾಟಿದ ಹೆಂಗಸೊಬ್ಬರು ಹಳೇ ಪಾಸ್‌ಬುಕ್ ಹಿಡಿದು ಬಂದರು. ಖಾತೆ ಮಗನದು, ನಾಮಿನಿ ತಾಯಿ. ಇಲ್ಲಿದ್ದಾಗ ವರ್ಕ್‌ಶಾಪಿನಲ್ಲಿ ದುಡಿದು ಉಳಿಸಿದ ಹದಿನೆಂಟು ಸಾವಿರ ಚಿಲ್ಲರೆ. 2002ರ ಕದನವಿರಾಮದ ನಂತರ ಊರಿಗೆ ಹೋದ ಹುಡುಗ, ಯುದ್ಧ ಮುಗಿದ ಮೇಲೆ ಪತ್ತೆಯಿಲ್ಲ.

"ಡೆತ್ ಸರ್ಟಿಫಿಕೇಟ್ ತಂದಿದ್ದೀರಾ ಅಮ್ಮಾ?" ಅಂದೆ. ಅದಿಲ್ಲದಿದ್ದರೆ ಏಳು ವರ್ಷ ಸುದ್ದಿಯಿಲ್ಲ ಅಂತ ಕೋರ್ಟಿನಿಂದ ಆದೇಶ ತರಬೇಕು ಅಂತಲೂ ಸೇರಿಸಿದೆ. ರೂಲ್ ಸರಿಯೇ ಇತ್ತು.

ಆಕೆ ಅಳಲಿಲ್ಲ. "ಸತ್ತ ಅಂತ ನಿಮಗೆ ಯಾರು ಹೇಳಿದ್ದು ಸಾರ್? ವಟ್ಟುವಾಗಲ್ ಸೇತುವೆ ಹತ್ತಿರ ನಾನೇ ಅವನ ಕೈ ಹಿಡಿದು ಮಿಲಿಟರಿಯವರಿಗೆ ಒಪ್ಪಿಸಿದೆ. ವಿಚಾರಣೆ ಮಾಡಿ ಬಿಡ್ತೀವಿ ಅಂದರು. ಹಣ ಕೇಳೋಕೆ ಬಂದಿಲ್ಲ. ಅವನು ಬರೋತನಕ ಖಾತೆ ಇರುತ್ತಾ ಅಂತ ಕೇಳೋಕೆ ಬಂದೆ."

ಅವತ್ತು ಮಧ್ಯಾಹ್ನ ಊಟದ ಡಬ್ಬಿ ತೆಗೆಯಲಿಲ್ಲ.

ಆಮೇಲೆ ಓದತೊಡಗಿದೆ. 2009ರ ಮೇ ತಿಂಗಳಲ್ಲಿ ಮುಳ್ಳಿವಾಯ್ಕಾಲಿನ ಮರಳದಂಡೆಯಲ್ಲಿ ಯುದ್ಧ ಮುಗಿಯಿತಲ್ಲ, ಆ ಕೊನೆಯ ಹಂತದಲ್ಲಿ 40,000 ನಾಗರಿಕರವರೆಗೂ ಸತ್ತಿರಬಹುದು ಅಂತ ವಿಶ್ವಸಂಸ್ಥೆಯ ತಜ್ಞರ ಸಮಿತಿ 2011ರಲ್ಲಿ ಹೇಳಿತು. ಸೈನ್ಯ ಆಸ್ಪತ್ರೆಗಳ ಮೇಲೂ ಶೆಲ್ ಹಾಕಿತು, ಹುಲಿಗಳು ಜನರನ್ನು ಗುರಾಣಿ ಮಾಡಿಕೊಂಡರು ಎಂಬ ಎರಡೂ ಆರೋಪ ಅದರಲ್ಲಿದೆ. ಹುಲಿಗಳ ಲೆಕ್ಕವೂ ಸಣ್ಣದಲ್ಲ. ಮಕ್ಕಳ ಕೈಗೆ ಬಂದೂಕು ಕೊಟ್ಟರು, 1990ರಲ್ಲಿ ಉತ್ತರದ ಮುಸ್ಲಿಮರನ್ನು ಉಟ್ಟ ಬಟ್ಟೆಯಲ್ಲಿ ಓಡಿಸಿದರು, 1991ರಲ್ಲಿ ಇಲ್ಲೇ ಶ್ರೀಪೆರಂಬುದೂರಿನಲ್ಲಿ ರಾಜೀವ್ ಗಾಂಧಿಯವರನ್ನು ಕೊಂದರು. 1980ರ ದಶಕದ ಕೊನೆಗೆ ದಕ್ಷಿಣದ ದಂಗೆಯಲ್ಲಿ ಕಾಣೆಯಾದ ಸಿಂಹಳ ಹುಡುಗರ ತಾಯಂದಿರೂ ಹೀಗೇ ಫೋಟೋ ಹಿಡಿದು ನಿಂತಿದ್ದವರು.

2013ರಲ್ಲಿ ಚೆನ್ನೈನ ಕಾಲೇಜು ಹುಡುಗರು ಉಪವಾಸ ಕೂತಾಗ, "ಅವರ ದೇಶದ ವಿಷಯ, ಜಿನೀವಾದವರಿಗೇನು ಕೆಲಸ?" ಅಂತ ನಮ್ಮ ಸ್ಟಾಫಿನಲ್ಲೇ ಕೇಳಿದವರಿದ್ದರು. ಬ್ಯಾಂಕಿನವನಿಗೆ ಈ ಪ್ರಶ್ನೆ ಕಷ್ಟದ್ದಲ್ಲ. ಕ್ಯಾಷ್ ಕಮ್ಮಿ ಬಂದ ದಿನ ಕ್ಯಾಷಿಯರೇ ಎಣಿಸಿ "ಸರಿಯಿದೆ" ಅಂದರೆ ಒಪ್ಪುತ್ತೇವೆಯೇ? ಹೊರಗಿನ ಆಡಿಟರ್ ಬರಲೇಬೇಕು.

ಆದರೆ ಆಡಿಟರ್ ವರದಿ ಬರೆದರೆ ಹಣ ವಾಪಸು ಬರೋದಿಲ್ಲ, ಅದೂ ನಿಜ. ಮಾನವ ಹಕ್ಕು ಮಂಡಳಿಯಲ್ಲಿ ಭಾರತ 2012, 2013ರಲ್ಲಿ ನಿರ್ಣಯದ ಪರ ಮತ ಹಾಕಿ 2014ರಲ್ಲಿ ತಟಸ್ಥವಾಯಿತು. 2015ರಲ್ಲಿ ಶ್ರೀಲಂಕಾ ತಾನೇ ಸಹಿ ಹಾಕಿ ನ್ಯಾಯ ಕೊಡುತ್ತೇನೆಂದಿತು, 2020ರಲ್ಲಿ ಹಿಂದೆ ಸರಿಯಿತು. 2021ರಿಂದ ವಿಶ್ವಸಂಸ್ಥೆಯ ಕಚೇರಿ ಸಾಕ್ಷ್ಯ ಸಂಗ್ರಹಿಸಿ ಕಾಪಾಡುವ ಕೆಲಸ ಮಾಡುತ್ತಿದೆ.

2016ರಲ್ಲಿ ಅಲ್ಲಿನ ಸರ್ಕಾರ ಮರಣಪತ್ರದ ಬದಲು 'ಗೈರುಹಾಜರಿ ಪತ್ರ' ಕೊಡುವ ಕಾನೂನು ಮಾಡಿತು. ನನಗೆ ಖುಷಿಯಾಯಿತು, ಆಕೆ ಶಾಖೆಗೆ ಬಂದಾಗ ಹೇಳಿದೆ. ಕೇಳಿಸಿಕೊಂಡು, "ಅದರಲ್ಲಿ ಅವನನ್ನು ಯಾರು ಕರಕೊಂಡು ಹೋದರು ಅಂತ ಬರೆದಿರುತ್ತಾ ಸಾರ್?" ಅಂದರು.

ಇರೋದಿಲ್ಲ ಅಂದೆ.

2018ರಲ್ಲಿ ನಾನು ರಿಟೈರ್ ಆದೆ. 2025ರಲ್ಲಿ ಜಾಫ್ನಾ ಹತ್ತಿರದ ಚೆಮ್ಮಣಿಯಲ್ಲಿ ಅಗೆದಾಗ ಇನ್ನೂರಕ್ಕೂ ಹೆಚ್ಚು ಅಸ್ಥಿಪಂಜರ ಸಿಕ್ಕವು, ಮಕ್ಕಳವೂ ಇದ್ದವು. ಆ ವಾರ ಆಕೆಯ ಫೋನು ಬಂತು. ಮಗ ಕಾಣೆಯಾದ ಜಾಗ ಅದಲ್ಲ, ಆದರೂ ಟೀವಿ ಮುಂದಿನಿಂದ ಏಳಲಾಗಲಿಲ್ಲವಂತೆ.

"ಖಾತೆ ಇದೆಯಾ ಸಾರ್?"

ಹತ್ತು ವರ್ಷ ವ್ಯವಹಾರವಿಲ್ಲದ ಹಣ ರಿಸರ್ವ್ ಬ್ಯಾಂಕಿನ ನಿಧಿಗೆ ಹೋಗುತ್ತೆ, ಖಾತೆದಾರ ಬಂದು ಕೇಳಿದರೆ ಬ್ಯಾಂಕು ಕೊಡಲೇಬೇಕು ಅಂತ ಬಿಡಿಸಿ ಹೇಳಿದೆ.

"ಹಾಗಾದರೆ ಅವನ ಹೆಸರು ಇದೆ."

"ಇದೆ ಅಮ್ಮಾ."

ಆಕೆ ಫೋನಿಟ್ಟರು. ಡೆತ್ ಸರ್ಟಿಫಿಕೇಟ್ ಕೇಳಿದ್ದಕ್ಕೆ ಕ್ಷಮಿಸಿ ಅಂತ ಅವತ್ತೂ ಹೇಳಲಾಗಲಿಲ್ಲ.