ಪಾರಿವಾಳಕ್ಕೆ ಹಾಕಿದ ಜೋಳ

ನಮ್ಮತ್ತೆಯವರಿಗೆ ನಾಲ್ಕು ಮೆಟ್ಟಿಲು ಹತ್ತಿದರೆ ಏದುಸಿರು. ಜೊತೆಗೆ ಬಿಡದ ಒಣಕೆಮ್ಮು. ಎರಡು ವರ್ಷ ನಾವು ಅದನ್ನು ಉಬ್ಬಸವೆಂದೇ ತಿಳಿದಿದ್ದೆವು. ಶುಂಠಿ ಕಷಾಯ, ಮೆಣಸಿನ ಸಾರು, ಸೇದುವ ಔಷಧಿ, ಯಾವುದಕ್ಕೂ ಜಗ್ಗಲಿಲ್ಲ. ವಯಸ್ಸಾಯಿತಲ್ಲ ಎಂದು ಸುಮ್ಮನಾಗುವುದು ನಮಗೆ ಸುಲಭ, ಅಲ್ಲವೇ?

ಕಡೆಗೆ ದಾವಣಗೆರೆಯಲ್ಲಿ ಶ್ವಾಸಕೋಶದ ಡಾಕ್ಟರರಿಗೆ ತೋರಿಸಿದೆವು. ಯಂತ್ರದೊಳಗೆ ಊದಿಸಿ ನೋಡಿದರು, ಸಿ.ಟಿ. ಸ್ಕ್ಯಾನ್ ಮಾಡಿಸಿದರು. ಆಮೇಲೆ ಶುರುವಾಯಿತು ನೋಡಿ ಪ್ರಶ್ನೆಗಳ ಸುರಿಮಳೆ! ಕಲ್ಲುಕ್ವಾರಿಯ ಹತ್ತಿರ ಇದ್ದಿರಾ? ಕೀಲುವಾತ ಉಂಟೇ? ಹೃದಯಕ್ಕೆಂದೋ ಕೀಲುನೋವಿಗೆಂದೋ ಬಹುಕಾಲ ಮಾತ್ರೆ ನುಂಗಿದ್ದೀರಾ? ಬೆನ್ನು ಗೂನಾಗಿದೆಯೇ ಎಂದೂ ನೋಡಿದರು. ಎಲ್ಲಕ್ಕೂ ಇಲ್ಲ, ಇಲ್ಲ. “ಮನೇಲಿ ಪಾರಿವಾಳ ಇದಾವಾ?” ಎಂದಾಗ ಅತ್ತೆಯವರ ಮುಖ ಅರಳಿತು.

“ದಿನಾ ಒಂದು ಪಾವು ಜೋಳ ಹಾಕ್ತೀನಪ್ಪ. ಯಜಮಾನ್ರು ಹೋದಾಗಿನಿಂದ ಒಂದಿನಾನೂ ತಪ್ಪಿಸಿಲ್ಲ.”

ಡಾಕ್ಟರರು ಪೆನ್ನು ಕೆಳಗಿಟ್ಟರು.

ಉಬ್ಬಸದಲ್ಲಿ ಒಳಹೋದ ಉಸಿರು ಹೊರಬರಲು ಒದ್ದಾಡುತ್ತದೆ. ಇದರಲ್ಲಿ ಶ್ವಾಸಕೋಶವೇ ಪೂರ್ತಿ ಅರಳದು. ಗಂಜಿ ಹೆಚ್ಚಾದ ಸೀರೆಯ ಹಾಗೆ ಬಿರುಸಾಗಿರುತ್ತದೆ. ಒಣಗಿದ ಹಿಕ್ಕೆಯ ಧೂಳು, ರೆಕ್ಕೆಯ ಹುಡಿ ಕೆಲವರ ಮೈಗೆ ಒಗ್ಗುವುದಿಲ್ಲ. ವರ್ಷಗಟ್ಟಲೆ ಉಸಿರಿನಲ್ಲಿ ಹೋದರೆ ಒಳಗೆ ಬಾವು, ಆಮೇಲೆ ಮಾಯದ ಕಲೆ. (ಅದೇ ಮನೆಯಲ್ಲಿರುವ ನನಗೆ ಏನೂ ಆಗಿಲ್ಲ, ನೋಡಿ.) ನಮ್ಮ ದೇಶದ 27 ಕೇಂದ್ರಗಳಲ್ಲಿ ಇಂಥ ಶ್ವಾಸಕೋಶದ ಕಾಯಿಲೆಯವರು 1084 ಮಂದಿಯನ್ನು ಪರೀಕ್ಷಿಸಿದ ವರದಿ 2017ರಲ್ಲಿ ಪ್ರಕಟವಾಯಿತು. ಅರ್ಧಕ್ಕೆ ಸಮೀಪ ಜನರದು ಹೀಗೆ ಉಸಿರಿನೊಡನೆ ಒಳಸೇರಿದ ಧೂಳು, ಬೂಷ್ಟು ಮುಂತಾದವು ಒಗ್ಗದೆ ಬಂದ ಕಾಯಿಲೆ. ಹಕ್ಕಿಯಷ್ಟೇ ಅಲ್ಲ, ತೊಳೆಯದೆ ಬಿಟ್ಟ ಏರ್ ಕೂಲರಿನ ಬೂಷ್ಟಿನ ಮೇಲೂ ಅವರಿಗೆ ಅನುಮಾನ.

ನನ್ನನ್ನು ಚುಚ್ಚಿದ್ದು ಬೇರೆ. ಸಜ್ಜೆಯ ಹಿಕ್ಕೆ ಗುಡಿಸುವ ಕೆಲಸವನ್ನು ಅವರಿಗೆ ಬಿಟ್ಟವಳು ನಾನೇ. ಹೊತ್ತು ಹೋಗಲಿ ಅಂತ. ಅದೂ ಒಣ ಪೊರಕೆಯಲ್ಲಿ!

ಈಗ ಸ್ಟೀರಾಯ್ಡ್ ಮಾತ್ರೆ ನಡೆದಿದೆ. ಸಜ್ಜೆಗೆ ಬಲೆ ಕಟ್ಟಿಸಿದ್ದೇವೆ. ಮೂಗಿಗೆ ಮಾಸ್ಕ್ ಹಾಕಿ, ನೀರು ಚಿಮುಕಿಸಿ, ಒದ್ದೆ ಬಟ್ಟೆಯಲ್ಲಿ ನಾನೇ ಒರೆಸುತ್ತೇನೆ. ಆರು ತಿಂಗಳಲ್ಲಿ ಕೆಮ್ಮು ತಗ್ಗಿತು. ಮೆಟ್ಟಿಲು ಮಾತ್ರ ಈಗಲೂ ಕಷ್ಟ. ಕಲೆಯಾದ ಭಾಗ ಮತ್ತೆ ಮೆತ್ತಗಾಗದಂತೆ.

ಬೆಳಿಗ್ಗೆ ಎದುರುಮನೆ ತಾರಸಿಯಿಂದ ಅವುಗಳ ಗುಟುರು ಕೇಳುತ್ತದೆ. ಅತ್ತೆಯವರು ಕಾಫಿ ಲೋಟ ಹಿಡಿದು ಕಿಟಕಿ ಕಡೆ ತಿರುಗುತ್ತಾರೆ. “ಆ ಮನೆಯೋರು ಏನಾದ್ರೂ ಹಾಕ್ತಾರೇನೇ?” ಎನ್ನುತ್ತಾರೆ. ಆ ಮನೆಯಾಕೆಗೆ ಹೋಗಿ ಏನು ಹೇಳಲಿ ಎಂದು ನಾನು ಇನ್ನೂ ಯೋಚಿಸುತ್ತಲೇ ಇದ್ದೇನೆ.